ಇದು ಗಂಡಸರದು, ಅದು ಹೆಂಗಸರದು, ಮೊದಲಿನಿಂದಲೂ ಹೀಗೇ ಅಂತೀವಲ್ಲ, ಆ ‘ಮೊದಲು’ ಯಾವಾಗ?

ಹೈ ಹೀಲ್ಸ್ ಕಥೆ ಶುರುವಾಗುವುದು ಕುದುರೆಯ ಬೆನ್ನ ಮೇಲೆ. ಪರ್ಷಿಯಾದ ರಾವುತ ಓಡುತ್ತಿರುವ ಕುದುರೆಯ ಮೇಲೆ ರಿಕಾಪಿನಲ್ಲಿ, ಅಂದರೆ ಜೀನಿನಿಂದ ಇಳಿಬಿದ್ದ ಕಾಲಿಡುವ ಬಳೆಯಲ್ಲಿ, ಎದ್ದು ನಿಂತು ಬಾಣ ಬಿಡಬೇಕಿತ್ತು. ಕಾಲು ಜಾರಿದರೆ ಗುರಿ ತಪ್ಪುತ್ತದೆ, ಇಲ್ಲವೇ ಅವನೇ ಕೆಳಗೆ ಬೀಳುತ್ತಾನೆ. ಹಿಮ್ಮಡಿಯ ಕೆಳಗೆ ಗಟ್ಟಿಯಾದ ಎತ್ತರ ಇದ್ದರೆ ಅದು ರಿಕಾಪಿಗೆ ಕೊಕ್ಕೆಯ ಹಾಗೆ ಸಿಕ್ಕಿಕೊಳ್ಳುತ್ತದೆ. ಪಾದ ಅಲುಗುವುದಿಲ್ಲ. ಹೀಲ್ ಹುಟ್ಟಿದ್ದು ಇಷ್ಟಕ್ಕೆ. ಚೆಂದ ಕಾಣಲಿ ಅಂತಲ್ಲ, ಎತ್ತರ ಕಾಣಲಿ ಅಂತಲೂ ಅಲ್ಲ. ಬಿಲ್ಲು, ಕತ್ತಿ, ಜೀನು ಇದ್ದ ಹಾಗೆ ಅದೂ ಒಂದು ಯುದ್ಧದ ಸಲಕರಣೆ.

ಅದು ಯುರೋಪಿಗೆ ಹೋದದ್ದು ರಾಜಕಾರಣದ ಬೆನ್ನು ಹಿಡಿದು. ಪರ್ಷಿಯಾದ ಷಾ ಒಂದನೇ ಅಬ್ಬಾಸನಿಗೆ ಪಕ್ಕದ ಆಟೊಮನ್ ತುರ್ಕರ ಕಾಟ. ಅವರನ್ನು ಎದುರಿಸಲು ಜೊತೆಗಾರರು ಬೇಕಾಗಿತ್ತು. 1599ರಲ್ಲಿ ಅವನು ಯುರೋಪಿನ ದೊರೆಗಳ ಬಳಿಗೆ ರಾಯಭಾರಿಗಳ ತಂಡವೊಂದನ್ನು ಕಳಿಸಿದ. ರಷ್ಯಾ, ಜರ್ಮನ್ ಸೀಮೆ, ರೋಮ್, ಸ್ಪೇನ್ ಎಂದು ಅವರು ಆಸ್ಥಾನದಿಂದ ಆಸ್ಥಾನಕ್ಕೆ ಅಲೆದರು. ಯುರೋಪಿನ ಶ್ರೀಮಂತರಿಗೆ ಪರ್ಷಿಯಾದ ಹುಚ್ಚು ಹತ್ತಿತು. ಅಲ್ಲಿನ ಸವಾರರ ಗತ್ತು, ಗಂಡಸುತನ ತಮಗೂ ಬೇಕು ಅನ್ನಿಸಿತು. ಗಂಡಸರು ಹೀಲ್ಸ್ ಹಾಕತೊಡಗಿದರು.

ಕುದುರೆಯಿಂದ ಇಳಿದ ಮೇಲೆ ಹೀಲ್ಸ್‌ನಿಂದ ಏನು ಪ್ರಯೋಜನ? ಏನೂ ಇಲ್ಲ. ಆಗಿನ ಬೀದಿಗಳು ಕೆಸರು, ಕಲ್ಲು, ಗುಂಡಿ. ಹೀಲ್ಸ್ ಹಾಕಿಕೊಂಡು ನಡೆಯುವುದೇ ಒಂದು ಸರ್ಕಸ್. ಆದರೆ ಗಮ್ಮತ್ತು ಇರುವುದೇ ಅಲ್ಲಿ. ಹೊಲದಲ್ಲಿ ದುಡಿಯುವವನು, ಮೂಟೆ ಹೊರುವವನು ಇಂಥದ್ದನ್ನು ಹಾಕಲು ಆಗುತ್ತದಾ? ನಡೆಯಲು ಕಷ್ಟವಾದ ಚಪ್ಪಲಿ ಹಾಕಿದ್ದೇನೆ ಅಂದರೆ ನನಗೆ ನಡೆಯುವ ಗರಜೇ ಇಲ್ಲ ಅಂತ ಅರ್ಥ. ಉಪಯೋಗಕ್ಕೆ ಬಾರದ್ದೇ ಅದರ ಉಪಯೋಗ.

ಫ್ರಾನ್ಸಿನ ಹದಿನಾಲ್ಕನೇ ಲೂಯಿ ಇದನ್ನು ತುದಿ ಮುಟ್ಟಿಸಿದ. ಅವನ ಆಸ್ಥಾನದಲ್ಲಿ ಹಿಮ್ಮಡಿಗೆ ಕೆಂಪು ಬಣ್ಣ ಬಳಿದಿರುತ್ತಿತ್ತು. ಆ ಕೆಂಪು ಎಲ್ಲರಿಗೂ ಅಲ್ಲ, ಆಸ್ಥಾನದಲ್ಲಿ ಜಾಗ ಸಿಕ್ಕವರಿಗೆ ಮಾತ್ರ. ಹಿಮ್ಮಡಿ ನೋಡಿದರೆ ಸಾಕು, ಯಾರು ರಾಜನಿಗೆ ಹತ್ತಿರ, ಯಾರು ದೂರ ಅಂತ ಗೊತ್ತಾಗುತ್ತಿತ್ತು. 1701ರಲ್ಲಿ ಚಿತ್ರಕಾರ ಹಯಸಿಂತ್ ರಿಗೋ ಬರೆದ ಲೂಯಿಯ ದೊಡ್ಡ ಚಿತ್ರವೊಂದಿದೆ. ಅರವತ್ತು ದಾಟಿದ ರಾಜ ನಿಂತಿದ್ದಾನೆ. ತಲೆ ತುಂಬ ಗುಂಗುರು ವಿಗ್ಗು, ಮೈ ಮೇಲೆ ಲೇಸು, ಬಿಳಿ ರೇಷ್ಮೆಯ ಕಾಲುಚೀಲ. ತೊಡೆಯವರೆಗೆ ಕಾಲು ಕಾಣುವ ಹಾಗೆ ನಿಲುವಂಗಿಯನ್ನು ಸರಿಸಿದ್ದಾನೆ. ಕಾಲಲ್ಲಿ ಕೆಂಪು ಹೀಲ್ಸ್. ಆ ಕಾಲದ ಯುರೋಪಿನಲ್ಲಿ ಅವನಿಗಿಂತ ದೊಡ್ಡ ‘ಗಂಡಸು’ ಇರಲಿಲ್ಲ.

ಹಾಗಾದರೆ ಹೆಂಗಸರು? ಅವರು ಹೀಲ್ಸ್ ಹಾಕಲು ಶುರು ಮಾಡಿದ್ದು 1630ರ ಆಸುಪಾಸಿನಲ್ಲಿ, ಅದೂ ಗಂಡಸರ ಹಾಗೆ ಕಾಣಬೇಕು ಅಂತ. ಆಗ ಗಂಡುಡುಗೆಯ ತುಣುಕುಗಳನ್ನು ಹೆಂಗಸರು ಎತ್ತಿಕೊಳ್ಳುವ ಫ್ಯಾಶನ್ ಇತ್ತು. ಗಂಡಸರ ಟೋಪಿ ಹಾಕಿದರು, ಕೂದಲು ಕತ್ತರಿಸಿದರು, ಪೈಪ್ ಸೇದಿದರು, ಹೀಲ್ಸ್ ಹಾಕಿದರು. ಇಂದು ಹುಡುಗಿಯೊಬ್ಬಳು ಅಣ್ಣನ ದೊಗಲೆ ಶರ್ಟು ಹಾಕಿಕೊಂಡು ಓಡಾಡುತ್ತಾಳಲ್ಲ, ಹೆಚ್ಚು ಕಡಿಮೆ ಹಾಗೆ.

ಮುಂದಿನ ನೂರು ವರ್ಷದಲ್ಲಿ ಆಟ ತಿರುಗಿತು. ಮೊದಲು ಆಕಾರ ಬೇರೆಯಾಯಿತು. ಗಂಡಸರದು ದಪ್ಪ, ಗಿಡ್ಡ, ಗಟ್ಟಿ. ಹೆಂಗಸರದು ಸಪೂರ, ಬಾಗು, ಅಲಂಕಾರ. ಆಮೇಲೆ ಹದಿನೆಂಟನೇ ಶತಮಾನದಲ್ಲಿ ವಿಚಾರ, ತರ್ಕ, ಉಪಯೋಗ ಅನ್ನುವ ಮಾತುಗಳಿಗೆ ಬೆಲೆ ಬಂತು. ತರ್ಕ ಗಂಡಸಿನದು, ಭಾವನೆ ಹೆಣ್ಣಿನದು ಅಂತ ಯಾರೋ ಪಾಲು ಮಾಡಿಟ್ಟರು. ಹೀಲ್ಸ್ ನೋಡಿದರೆ ತರ್ಕಕ್ಕೆ ನಿಲ್ಲದ ವಸ್ತು. ಹಾಗಾಗಿ ಅದು ಹೆಂಗಸರ ಪಾಲಿಗೆ ಬಂತು. 1740ರ ಹೊತ್ತಿಗೆ ಗಂಡಸರು ಅದನ್ನು ಬಿಟ್ಟೇಬಿಟ್ಟಿದ್ದರು. ಆಮೇಲೆ ಅದನ್ನೇ ತೋರಿಸಿ, ‘ನೋಡಿ, ಹೆಂಗಸರಿಗೆ ಎಷ್ಟು ಶೋಕಿ’ ಎಂದರು. ಯಾರ ಶೋಕಿ, ಯಾರ ತಲೆಗೆ!

ಹೀಲ್ಸ್ ಒಂದೇ ಅಲ್ಲ. ವಿಗ್ಗು, ಪೌಡರು, ಲೇಸು, ರಿಬ್ಬನ್ನು, ಹೂ ಕಸೂತಿಯ ಕೋಟು, ರೇಷ್ಮೆ ಕಾಲುಚೀಲ, ಇವೆಲ್ಲ ಹಿಂದೆ ಸಿರಿವಂತ ಗಂಡಸರ ದಿನನಿತ್ಯದ ಉಡುಗೆಯೇ. ಹದಿನೆಂಟನೇ ಶತಮಾನದ ಕೊನೆಗೆ ಇಷ್ಟನ್ನೂ ಅವರು ಕೈಬಿಟ್ಟರು. ಬ್ರಿಟನ್ನಿನಲ್ಲಿ 1795ರಲ್ಲಿ ತಲೆಪೌಡರಿಗೆ ವರ್ಷಕ್ಕೆ ಒಂದು ಗಿನಿ (ಆಗಿನ ಚಿನ್ನದ ನಾಣ್ಯ) ತೆರಿಗೆ ಹಾಕಿದ್ದೂ ಒಂದು ನೆಪವಾಯಿತು. ಫ್ರಾನ್ಸಿನ ಕ್ರಾಂತಿಯ ನಂತರವಂತೂ ರಾಜಮನೆತನದವರ ಹಾಗೆ ಕಾಣುವುದೇ ಅಪಾಯ. ಕಪ್ಪು, ಕಂದು, ಬೂದು ಬಣ್ಣದ ಕೋಟು ಪ್ಯಾಂಟು ಬಂತು. ಮನಶ್ಶಾಸ್ತ್ರಜ್ಞ ಜಾನ್ ಕಾರ್ಲ್ ಫ್ಲೂಗೆಲ್ 1930ರಲ್ಲಿ ಇದಕ್ಕೆ ‘ಪುರುಷರ ಮಹಾತ್ಯಾಗ’ ಎಂದು ಹೆಸರಿಟ್ಟ. ಚೆಂದ ಕಾಣುವ ಹಕ್ಕನ್ನು ಗಂಡಸರು ಬಿಟ್ಟುಕೊಟ್ಟು, ಕೆಲಸಕ್ಕೆ ಬರುವವರು ಅನ್ನಿಸಿಕೊಳ್ಳುವುದನ್ನು ಆರಿಸಿಕೊಂಡರು ಅನ್ನುವುದು ಅವನ ಮಾತು. ಇಂದಿನ ಆಫೀಸುಗಳಲ್ಲಿ ಸಾಲಾಗಿ ಕೂತ ಬೂದು ಸೂಟುಗಳನ್ನು ನೋಡಿದರೆ ಆ ತ್ಯಾಗ ಇನ್ನೂ ಮುಗಿದಿಲ್ಲ ಅನ್ನಿಸುತ್ತದೆ.

ಬಟ್ಟೆಯ ಈ ಗೆರೆಯನ್ನು ಕಾಯಲು ಪೊಲೀಸರೂ ಇದ್ದರು. 1800ನೇ ಇಸವಿಯ ನವೆಂಬರ್‌ನಲ್ಲಿ ಪ್ಯಾರಿಸ್ಸಿನ ಪೊಲೀಸ್ ಮುಖ್ಯಸ್ಥ ಒಂದು ಆದೇಶ ಹೊರಡಿಸಿದ. ಹೆಂಗಸು ಗಂಡಸಿನ ಹಾಗೆ ಉಡುಪು ಹಾಕಬೇಕಾದರೆ ಠಾಣೆಗೆ ಬಂದು ಪರವಾನಗಿ ಪಡೆಯಬೇಕು. ಅದಕ್ಕೆ ವೈದ್ಯರ ಚೀಟಿ ಬೇಕು. ಪ್ರಾಣಿಗಳ ಚಿತ್ರಕ್ಕೆ ಹೆಸರಾದ ರೋಸಾ ಬೊನ್ಹರ್ ಕುದುರೆ ಸಂತೆಗೂ ಕಸಾಯಿಖಾನೆಗೂ ಹೋಗಿ ಚಿತ್ರ ಬರೆಯಬೇಕಿತ್ತು. ನೆಲ ಗುಡಿಸುವ ಲಂಗದಲ್ಲಿ ಅಲ್ಲಿಗೆ ಹೋಗುವುದುಂಟೇ? 1850ರ ದಶಕದಲ್ಲಿ ಆಕೆ ಆರಾರು ತಿಂಗಳಿಗೆ ನವೀಕರಿಸುವ ಪ್ಯಾಂಟಿನ ಪರವಾನಗಿ ಇಟ್ಟುಕೊಂಡಿದ್ದಳು. ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ.

1892ರಲ್ಲೂ 1909ರಲ್ಲೂ ನಿಯಮ ಸ್ವಲ್ಪ ಸಡಿಲವಾಯಿತು. ಕೈಯಲ್ಲಿ ಸೈಕಲ್ಲಿನ ಹ್ಯಾಂಡಲ್ಲೋ ಕುದುರೆಯ ಲಗಾಮೋ ಇದ್ದರೆ ಹೆಂಗಸು ಪ್ಯಾಂಟು ಹಾಕಬಹುದು. ಹ್ಯಾಂಡಲ್ ಬಿಟ್ಟರೆ ಅಪರಾಧ! ಸರ್ಕಾರ ಈ ಆದೇಶಕ್ಕೆ ಬೆಲೆ ಇಲ್ಲ ಅಂತ ಅಧಿಕೃತವಾಗಿ ಹೇಳಿದ್ದು ಯಾವಾಗ ಗೊತ್ತಾ? 2013ರ ಜನವರಿ 31ರಂದು. ಅಷ್ಟು ಹೊತ್ತಿಗೆ ಅದನ್ನು ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ, ನಿಜ. ಆದರೂ ಕಾಗದದ ಮೇಲೆ ಇನ್ನೂರು ವರ್ಷ ಅದು ಉಸಿರಾಡುತ್ತಲೇ ಇತ್ತು.

ಈಗ ‘ಮೊದಲಿನಿಂದಲೂ’ ಅನ್ನುವ ಮಾತಿಗೆ ಬರೋಣ. ನನಗೆ ತುಂಬ ಇಷ್ಟವಾದ ಉದಾಹರಣೆ ಬಿಳಿ ಮದುವೆ ಗೌನಿನದು.

1840ರ ಫೆಬ್ರವರಿ 10ರಂದು ಬ್ರಿಟನ್ನಿನ ರಾಣಿ ವಿಕ್ಟೋರಿಯಾ ಬಿಳಿ ಗೌನು ತೊಟ್ಟು ಮದುವೆಯಾದಳು. ಅದಕ್ಕೂ ಮುಂಚೆ ಯುರೋಪಿನಲ್ಲಿ ಮದುಮಗಳಿಗೆ ಇದೇ ಬಣ್ಣ ಅಂತ ಇರಲಿಲ್ಲ. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕುತ್ತಿದ್ದರು. ನೀಲಿ, ಕಂದು, ಕೆಂಪು, ಕೆಲವೊಮ್ಮೆ ಕಪ್ಪು. ಒಂದೇ ದಿನಕ್ಕೆ ಅಂತ ಬಟ್ಟೆ ಹೊಲಿಸುವಷ್ಟು ದುಡ್ಡು ಎಷ್ಟು ಜನರ ಹತ್ತಿರ ಇತ್ತು? ಅದೇ ಗೌನನ್ನು ಮುಂದೆ ಹಬ್ಬಕ್ಕೂ ಪ್ರಾರ್ಥನೆಗೂ ಹಾಕಬೇಕು. ಬಿಳಿಯಂತೂ ಒಗೆದು ಉಳಿಸಿಕೊಳ್ಳಲು ಆಗದ ಬಣ್ಣ. ಕೆಲವು ರಾಣಿಯರು ಬಿಳಿ ಉಟ್ಟಿದ್ದರು, ಅದು ಅಪರೂಪ. ಸ್ಕಾಟ್ಲೆಂಡಿನ ರಾಣಿ ಮೇರಿ 1558ರಲ್ಲಿ ಫ್ರಾನ್ಸಿನ ಯುವರಾಜನನ್ನು ಬಿಳಿಯಲ್ಲಿ ಮದುವೆಯಾದಾಗ ಅಲ್ಲಿ ಬಿಳಿ ಅನ್ನುವುದು ರಾಣಿಯರ ಸೂತಕದ ಬಣ್ಣವಾಗಿತ್ತು.

ವಿಕ್ಟೋರಿಯಾ ಬಿಳಿ ಆರಿಸಿದ್ದರಲ್ಲಿ ಒಂದು ಲೆಕ್ಕಾಚಾರವೂ ಇತ್ತು. ಯಂತ್ರದ ಲೇಸು ಬಂದು ಇಂಗ್ಲೆಂಡಿನ ಹೊನಿಟನ್ ಎಂಬಲ್ಲಿನ ಕೈಲೇಸು ಹೆಣೆಯುವವರ ಬದುಕು ಕಷ್ಟಕ್ಕೆ ಬಿದ್ದಿತ್ತು. ರಾಣಿ ತನ್ನ ಗೌನಿಗೆ ಅವರ ಲೇಸನ್ನೇ ಹಾಕಿಸಿದಳು. ಬಿಳಿಯ ಮೇಲೆ ಆ ಲೇಸು ಎದ್ದು ಕಾಣುತ್ತಿತ್ತು. ಮದುವೆಯ ಚಿತ್ರಗಳು ಪತ್ರಿಕೆಗಳಲ್ಲಿ ಊರೆಲ್ಲ ಹರಡಿದವು. ಅನುಕೂಲ ಇದ್ದವರು ಅದನ್ನೇ ಮಾಡಿದರು.

ಸ್ವಾರಸ್ಯ ಇರುವುದು ಮುಂದೆ. 1849ರಲ್ಲಿ, ಅಂದರೆ ಬರೀ ಒಂಬತ್ತು ವರ್ಷದ ನಂತರ, ಅಮೆರಿಕದ ಜನಪ್ರಿಯ ಮಹಿಳಾ ಪತ್ರಿಕೆಯೊಂದು ಮದುಮಗಳಿಗೆ ಬಿಳಿಯೇ ತಕ್ಕ ಬಣ್ಣ, ಇದು ಅನಾದಿ ಕಾಲದಿಂದ ಬಂದ ಪದ್ಧತಿ, ಕನ್ಯೆಯ ಪರಿಶುದ್ಧತೆಯ ಗುರುತು ಎಂದು ಬರೆಯಿತು. ಒಂಬತ್ತು ವರ್ಷ! ರಾಣಿಯ ಮದುವೆಯ ಸಾಲಿನಲ್ಲಿ ಹುಟ್ಟಿದ ಮಗು ಇನ್ನೂ ಶಾಲೆಯಲ್ಲಿತ್ತು. ಅಷ್ಟರೊಳಗೆ ಅದು ಅನಾದಿಯಾಗಿ ಹೋಯಿತು. ಪದ್ಧತಿ ಹುಟ್ಟುವಾಗ ಕಾರಣ ಒಂದಿರುತ್ತದೆ, ಅರ್ಥ ಆಮೇಲೆ ಬಂದು ಅಂಟಿಕೊಳ್ಳುತ್ತದೆ. ಆ ಅರ್ಥವೇ ಮೂಲ ಕಾರಣ ಅಂತ ಮುಂದಿನವರು ನಂಬುತ್ತಾರೆ.

ಕೆಲವೊಮ್ಮೆ ಅರ್ಥವನ್ನು ಬೆಲೆ ಕೊಟ್ಟು ಬರೆಸಿಯೂ ಅಂಟಿಸುತ್ತಾರೆ. ವಜ್ರದ ಉಂಗುರದ ವಿಷಯ ಹಾಗೆ. ದಕ್ಷಿಣ ಆಫ್ರಿಕಾದಲ್ಲಿ 1870ರ ಹೊತ್ತಿಗೆ ದೊಡ್ಡ ದೊಡ್ಡ ವಜ್ರದ ಗಣಿಗಳು ಸಿಕ್ಕವು. ಅಪರೂಪದ ಕಲ್ಲು ಒಮ್ಮೆಲೇ ರಾಶಿ ರಾಶಿ ಬರತೊಡಗಿತು. ಬೆಲೆ ಬೀಳದ ಹಾಗೆ ಹಿಡಿದಿಡಲು 1888ರಲ್ಲಿ ಡಿ ಬಿಯರ್ಸ್ ಕಂಪನಿ ಹುಟ್ಟಿತು. 1938ರಲ್ಲಿ ಅದು ಅಮೆರಿಕದ ಜಾಹೀರಾತು ಸಂಸ್ಥೆ ಎನ್. ಡಬ್ಲ್ಯು. ಏಯರ್ ಅನ್ನು ಹಿಡಿಯಿತು. ಕೆಲಸ ಇಷ್ಟೇ: ನಿಶ್ಚಿತಾರ್ಥ ಅಂದರೆ ವಜ್ರ ಅನ್ನಿಸಬೇಕು. 1947ರಲ್ಲಿ ಆ ಸಂಸ್ಥೆಯ ಫ್ರಾನ್ಸೆಸ್ ಗೆರೆಟಿ ಎಂಬಾಕೆ ‘ವಜ್ರ ಶಾಶ್ವತ’ ಎನ್ನುವ ಸಾಲು ಬರೆದಳು. ಆಕೆ ಮದುವೆಯೇ ಆಗಲಿಲ್ಲ, ಅದು ಬೇರೆ ಮಾತು. ಆ ಸಾಲಿನೊಳಗೆ ಒಂದು ವ್ಯಾಪಾರದ ಜಾಣತನ ಇದೆ. ಶಾಶ್ವತವಾದ ವಸ್ತುವನ್ನು ಯಾರೂ ಮರಳಿ ಮಾರುವುದಿಲ್ಲ. ಹಳೆಯ ವಜ್ರಗಳು ಪೇಟೆಗೆ ವಾಪಸ್ ಬಂದರೆ ಬೆಲೆ ಕುಸಿಯುತ್ತದೆ, ಅಲ್ವಾ?

ಜಪಾನಿನಲ್ಲಿ ಇದರ ವೇಗ ನೋಡಬೇಕು. ಅಲ್ಲಿ ನಿಶ್ಚಿತಾರ್ಥಕ್ಕೆ ವಜ್ರದ ಉಂಗುರ ಅನ್ನುವುದೇ ಇರಲಿಲ್ಲ. 1967ರಲ್ಲಿ ಪ್ರಚಾರ ಶುರುವಾದಾಗ ನೂರರಲ್ಲಿ ಐದು ಮದುಮಗಳಿಗೂ ಅದು ಇರಲಿಲ್ಲ. 1981ರ ಹೊತ್ತಿಗೆ ಸುಮಾರು ಅರವತ್ತು ಮಂದಿಗೆ ಇತ್ತು. ಹದಿನಾಲ್ಕು ವರ್ಷದಲ್ಲಿ ಒಂದು ‘ಸಂಪ್ರದಾಯ’ ತಯಾರು.

ಜಾಹೀರಾತು ಹೇಳಿದ್ದನ್ನೆಲ್ಲ ಜನ ಕುರಿಗಳ ಹಾಗೆ ಕೇಳುತ್ತಾರೆ ಅಂದುಕೊಳ್ಳಬೇಡಿ. ಇದೇ ಅಮೆರಿಕದಲ್ಲಿ 1920ರ ದಶಕದಲ್ಲಿ ಒಡವೆ ವ್ಯಾಪಾರಿಗಳು ಗಂಡಸರಿಗೂ ನಿಶ್ಚಿತಾರ್ಥದ ಉಂಗುರ ಮಾರಲು ಹೊರಟರು. ಹಳೆಯ ಕಾಲದ ವೀರರು ಹಾಕುತ್ತಿದ್ದರು ಅಂತ ಕಥೆ ಕಟ್ಟಿದರು, ಗಡಸು ಹೆಸರುಗಳನ್ನು ಇಟ್ಟರು. ಪೂರ್ತಿ ತೋಪು. ಉಂಗುರ ಅಂದರೆ ಹೆಣ್ಣಿನ ವಸ್ತು ಅನ್ನುವ ಭಾವನೆ ಅಷ್ಟು ಬಿಗಿಯಾಗಿತ್ತು. ಆದರೆ ಇಪ್ಪತ್ತು ವರ್ಷದ ನಂತರ ಎರಡನೇ ಮಹಾಯುದ್ಧ ಬಂತು. ಮದುವೆಯಾದ ಹೊಸದರಲ್ಲೇ ಗಂಡಂದಿರು ಯುದ್ಧಕ್ಕೆ ಹೊರಟರು. ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಾಳೆ ಅನ್ನುವ ನೆನಪಿಗೆ ಬೆರಳಲ್ಲಿ ಮದುವೆ ಉಂಗುರ ಇಟ್ಟುಕೊಂಡರು. ಸೈನಿಕನ ಕೈಯಲ್ಲಿ ಇದ್ದದ್ದನ್ನು ಹೆಣ್ಣಿಗತನ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಅಂಗಡಿಯವರಿಂದ ಆಗದ್ದು ಯುದ್ಧದಿಂದ ಆಯಿತು.

ಕೈಗಡಿಯಾರದ ಕಥೆಯೂ ಥೇಟ್ ಇದೇ. ಹತ್ತೊಂಬತ್ತನೇ ಶತಮಾನದಲ್ಲಿ ಗಂಡಸಿನ ಗಡಿಯಾರ ಜೇಬಿನಲ್ಲಿ, ಸರಪಳಿಯ ತುದಿಯಲ್ಲಿ. ಮಣಿಕಟ್ಟಿನ ಗಡಿಯಾರ ಹೆಂಗಸರ ಬಳೆಯ ಒಂದು ಬಗೆ. ಪಟೇಕ್ ಫಿಲಿಪ್ ಕಂಪನಿ 1868ರಲ್ಲಿ ತನ್ನ ಮೊದಲ ಕೈಗಡಿಯಾರ ಮಾಡಿದ್ದು ಹಂಗೇರಿಯ ಒಬ್ಬ ಸಿರಿವಂತ ಹೆಂಗಸಿಗಾಗಿ. ಗಂಡಸು ಕೈಗೆ ಗಡಿಯಾರ ಕಟ್ಟಿಕೊಂಡರೆ ನಗುತ್ತಿದ್ದರು. 1904ರಲ್ಲಿ ಪ್ಯಾರಿಸ್ಸಿನ ಒಡವೆ ವ್ಯಾಪಾರಿ ಕಾರ್ಟಿಯೇ, ಬಲೂನಿನಂಥ ವಾಯುನೌಕೆ ಹಾರಿಸುವ ಸಾಂಟೋಸ್ ಡ್ಯೂಮಾಂಟ್‌ಗೆ ಒಂದು ಮಾಡಿಕೊಟ್ಟ. ಆಕಾಶದಲ್ಲಿ ಎರಡೂ ಕೈ ಕೆಲಸದಲ್ಲಿರುವಾಗ ಜೇಬಿಗೆ ಕೈ ಹಾಕಲು ಆಗುವುದಿಲ್ಲವಲ್ಲ. ಹಾಗಿದ್ದರೂ ಅದು ಸಾಹಸಿಗಳ ವಿಚಿತ್ರ ಅಷ್ಟೇ ಆಗಿತ್ತು.

ಬದಲಾಯಿಸಿದ್ದು ಮೊದಲ ಮಹಾಯುದ್ಧದ ಕಂದಕಗಳು. ಫಿರಂಗಿ ದಾಳಿಯನ್ನು ನಿಮಿಷ ನಿಮಿಷಕ್ಕೆ ಲೆಕ್ಕ ಹಾಕಿ ಮುಂದೆ ಸರಿಸುತ್ತಿದ್ದರು. ಅದರ ಹಿಂದೆಯೇ ಕಾಲಾಳುಗಳು ನಡೆಯಬೇಕು. ಎಲ್ಲರ ಗಡಿಯಾರ ಒಂದೇ ಹೊತ್ತು ತೋರಿಸದಿದ್ದರೆ ತಮ್ಮದೇ ಫಿರಂಗಿಯ ಗುಂಡಿಗೆ ಬಲಿ. ಒಂದು ಕೈಯಲ್ಲಿ ಬಂದೂಕು, ಮೈ ತುಂಬ ಕೆಸರು, ಕತ್ತಲು. ಅಲ್ಲಿ ಕೋಟಿನ ಗುಂಡಿ ಬಿಚ್ಚಿ ಸರಪಳಿ ಎಳೆಯುತ್ತಾ ಕೂರಲು ಯಾರಿಗೆ ಪುರುಸೊತ್ತು? ಯುದ್ಧ ಮುಗಿಸಿ ಊರಿಗೆ ಬಂದವರ ಕೈಯಲ್ಲಿ ಪಟ್ಟಿ ಕಟ್ಟಿದ ಗಡಿಯಾರ ಇತ್ತು. ಮೇಲಿಂದ ಅದು ಶೂರರ ಗುರುತಾಯಿತು. ಇಂದು ಗಂಡಸರಿಗೆ ಅಂತ ಮಾರುವ ದುಬಾರಿ ವಸ್ತುಗಳಲ್ಲಿ ಕೈಗಡಿಯಾರವೇ ಮುಂದೆ.

ಇಷ್ಟು ಹೇಳಿದ ಮೇಲೆ ಪಿಂಕ್ ಮತ್ತು ನೀಲಿಯ ಮಾತು ಬರಲೇಬೇಕು. ಹುಡುಗಿಗೆ ಪಿಂಕ್, ಹುಡುಗನಿಗೆ ನೀಲಿ. ಮೊದಲು ಉಲ್ಟಾ ಇತ್ತಂತೆ ಅನ್ನುವ ಕಥೆಯನ್ನು ನೀವೂ ಕೇಳಿರಬಹುದು. ನಾನೂ ಬಹಳ ದಿನ ಹಾಗೇ ನಂಬಿದ್ದೆ. ನಿಜ ಅದಕ್ಕಿಂತ ಸ್ವಲ್ಪ ಗೋಜಲು, ಅದಕ್ಕೇ ಜಾಸ್ತಿ ರುಚಿ.

ಹತ್ತೊಂಬತ್ತನೇ ಶತಮಾನದ ಯುರೋಪ್, ಅಮೆರಿಕಗಳಲ್ಲಿ ಪುಟ್ಟ ಮಕ್ಕಳಿಗೆಲ್ಲ ಬಿಳಿ ಫ್ರಾಕು. ಹುಡುಗ, ಹುಡುಗಿ ಅನ್ನುವ ಭೇದ ಇಲ್ಲ. ಬಿಳಿ ಹತ್ತಿಯಾದರೆ ಕುದಿಯುವ ನೀರಿಗೆ ಹಾಕಿ ಒಗೆಯಬಹುದು. ಫ್ರಾಕಾದರೆ ಎತ್ತಿ ಬಟ್ಟೆ ಬದಲಿಸುವುದು ಸುಲಭ, ಮಗು ಬೆಳೆದರೂ ಆಗುತ್ತದೆ. ಮುಂದೆ ಅಮೆರಿಕದ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್‌ವೆಲ್ಟ್‌ನ 1884ರ ಫೋಟೋ ಒಂದಿದೆ. ಎರಡೂವರೆ ವರ್ಷದ ಮಗು. ಭುಜದವರೆಗೆ ಕೂದಲು, ಬಿಳಿ ಲಂಗ, ಮಡಿಲಲ್ಲಿ ಗರಿ ಸಿಕ್ಕಿಸಿದ ಟೋಪಿ. ಇಂದು ನೋಡಿದವರು ಯಾರಾದರೂ ‘ಮುದ್ದಾದ ಹುಡುಗಿ’ ಅಂತಲೇ ಹೇಳುತ್ತಾರೆ. ಆಗ ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ. ಹುಡುಗರಿಗೆ ಮೊದಲ ಸಲ ಚಡ್ಡಿ ತೊಡಿಸುವುದು ಐದಾರು ವರ್ಷದ ಹೊತ್ತಿಗೆ. ಅದಕ್ಕೆ ಮನೆಯಲ್ಲಿ ಸಣ್ಣ ಸಂಭ್ರಮವೂ ಇರುತ್ತಿತ್ತು.

ಬಣ್ಣ ಬಂದದ್ದು ಆಮೇಲೆ, ಬಂದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. 1918ರ ಜೂನ್‌ನಲ್ಲಿ ಮಕ್ಕಳ ಬಟ್ಟೆ ವ್ಯಾಪಾರಿಗಳ ಅಮೆರಿಕನ್ ಪತ್ರಿಕೆಯೊಂದು ಹುಡುಗರಿಗೆ ಪಿಂಕ್, ಹುಡುಗಿಯರಿಗೆ ನೀಲಿ ಅಂದಿತು. ಪಿಂಕ್ ಗಟ್ಟಿ ಬಣ್ಣ, ಕೆಂಪಿನ ತಮ್ಮ, ನೀಲಿ ನಾಜೂಕು. 1927ರಲ್ಲಿ ಬೆಲ್ಜಿಯಂನ ರಾಜಕುಮಾರಿ ಆಸ್ಟ್ರಿಡ್‌ಗೆ ಹೆಣ್ಣು ಮಗು ಹುಟ್ಟಿತು. ಗಂಡಾಗುತ್ತದೆ ಅಂದುಕೊಂಡು ತೊಟ್ಟಿಲನ್ನು ಪಿಂಕ್ ಬಣ್ಣದಲ್ಲಿ ಸಿಂಗರಿಸಿದ್ದರು. ಈ ಸುದ್ದಿ ಬಂದಾಗ ಟೈಮ್ ಪತ್ರಿಕೆ ಅಮೆರಿಕದ ದೊಡ್ಡ ಅಂಗಡಿಗಳನ್ನು ವಿಚಾರಿಸಿ ಒಂದು ಪಟ್ಟಿ ಹಾಕಿತು. ಕೆಲವು ಅಂಗಡಿ ಹುಡುಗರಿಗೆ ಪಿಂಕ್ ಅಂದವು, ಕೆಲವು ನೀಲಿ ಅಂದವು. ಅಂದರೆ ಆಗ ಉಲ್ಟಾ ನಿಯಮ ಇತ್ತು ಅಂತಲ್ಲ. ನಿಯಮವೇ ಗಟ್ಟಿಯಾಗಿರಲಿಲ್ಲ. 2012ರಲ್ಲಿ ಸಂಶೋಧಕರೊಬ್ಬರು ಹಳೆಯ ಪುಸ್ತಕಗಳ ದೊಡ್ಡ ರಾಶಿಯನ್ನೇ ಕಂಪ್ಯೂಟರ್‌ನಲ್ಲಿ ಜಾಲಾಡಿ, ಹುಡುಗಿಗೆ ಪಿಂಕ್ ಅನ್ನುವ ಮಾತು 1880ರ ದಶಕದಿಂದಲೇ ಸಿಗುತ್ತದೆ, ಪೂರ್ತಿ ಅದಲುಬದಲಾಯಿತು ಅನ್ನುವುದು ಕಟ್ಟುಕಥೆ ಎಂದು ವಾದಿಸಿದರು. ‘ಎಲ್ಲ ಉಲ್ಟಾ ಇತ್ತು’ ಅನ್ನುವ ಕಥೆಗಳನ್ನೂ ಸ್ವಲ್ಪ ಉಪ್ಪು ಖಾರ ಬಿಟ್ಟು ಓದಬೇಕು.

ಎರಡನೇ ಮಹಾಯುದ್ಧದ ನಂತರ ಪಿಂಕ್ ಹುಡುಗಿಯ ಕಡೆಗೆ ವಾಲಿತು. ಆದರೂ ದಾರಿ ನೇರ ಇರಲಿಲ್ಲ. 1970ರ ದಶಕದಲ್ಲಿ ಮಹಿಳಾ ಚಳವಳಿಯ ಗಾಳಿ ಬೀಸಿ, ಅಮೆರಿಕದ ಸಿಯರ್ಸ್ ಕಂಪನಿಯ ಕೆಟಲಾಗಿನಲ್ಲಿ ಎರಡು ವರ್ಷ ಪುಟ್ಟ ಮಕ್ಕಳ ಪಿಂಕ್ ಬಟ್ಟೆಯೇ ಇರಲಿಲ್ಲ. 1980ರ ದಶಕದಲ್ಲಿ ಅದು ಮೊದಲಿಗಿಂತ ಜೋರಾಗಿ ವಾಪಸ್ ಬಂತು. ಕಾರಣ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ. ಮಗು ಗಂಡೋ ಹೆಣ್ಣೋ ಅಂತ ಮೊದಲೇ ಗೊತ್ತಾಗುವ ದೇಶಗಳಲ್ಲಿ ಹುಟ್ಟುವ ಮುಂಚೆಯೇ ಕೋಣೆಗೆ ಬಣ್ಣ, ತೊಟ್ಟಿಲು, ಬಟ್ಟೆ ಎಲ್ಲ ತಂದಿಡಬಹುದು. ಅಂಗಡಿಯವರಿಗೆ ಇದು ಹಬ್ಬ. ಬಿಳಿ ಫ್ರಾಕು ಅಕ್ಕನಿಂದ ತಮ್ಮನಿಗೆ ಇಳಿಯುತ್ತಿತ್ತು. ಪಿಂಕ್ ಸೈಕಲ್ಲು ಇಳಿಯುವುದಿಲ್ಲ. ಎರಡನೆಯದು ಕೊಳ್ಳಲೇಬೇಕು.

ಬಟ್ಟೆ, ಉಂಗುರಗಳನ್ನು ಬಿಡಿ. ಕೆಲಸಗಳೂ ಹೀಗೇ ಪಕ್ಷ ಬದಲಿಸಿವೆ. ಅಲ್ಲಿ ವಿಷಯ ಅಷ್ಟು ತಮಾಷೆಯದಲ್ಲ, ಯಾಕೆಂದರೆ ಸಂಬಳವೂ ಜೊತೆಗೇ ಬದಲಾಗುತ್ತದೆ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಿಯರ್ ಕುದಿಸುವುದು ಹೆಂಗಸರ ಕೆಲಸ. ಮನೆಗೆ ಮಾಡಿ ಉಳಿದದ್ದನ್ನು ಬಾಗಿಲಲ್ಲೇ ಮಾರುತ್ತಿದ್ದರು, ಬೇಗ ಕೆಡುವ ಸರಕು. ಹಾಪ್ಸ್ ಹೂ ಹಾಕಿದರೆ ಬಿಯರ್ ಬಹಳ ದಿನ ಉಳಿಯುತ್ತದೆ ಅಂತ ಗೊತ್ತಾದ ಮೇಲೆ ದೊಡ್ಡ ಪ್ರಮಾಣದಲ್ಲಿ ಮಾಡಿ ದೂರಕ್ಕೆ ಸಾಗಿಸಬಹುದಾಯಿತು. ಬಂಡವಾಳ ಬೇಕಾಯಿತು, ಕಸುಬುದಾರರ ಸಂಘಗಳು ಬಂದವು. ನಿಧಾನವಾಗಿ ಅದು ಗಂಡಸರ ಉದ್ಯಮವಾಯಿತು. ದುಡ್ಡು ಬರುವವರೆಗೆ ಅಡುಗೆಮನೆ, ಬಂದ ಮೇಲೆ ಕಾರ್ಖಾನೆ.

ಕಾರಕೂನಿಕೆ ಎದುರು ದಿಕ್ಕಿನಲ್ಲಿ ಹೋಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಕಚೇರಿಯ ಗುಮಾಸ್ತ ಅಂದರೆ ಗಂಡಸೇ, ಮುಂದೆ ಯಜಮಾನನಾಗುವ ಮೊದಲ ಮೆಟ್ಟಿಲು. 1874ರಲ್ಲಿ ರೆಮಿಂಗ್ಟನ್ ಕಂಪನಿ ಟೈಪ್‌ರೈಟರ್ ಮಾರಾಟಕ್ಕೆ ತಂದಿತು. ಹೊಸ ಯಂತ್ರ, ಅದಕ್ಕಿನ್ನೂ ಲಿಂಗ ಹತ್ತಿರಲಿಲ್ಲ. ಓದಿದ ಹುಡುಗಿಯರು ಕಡಿಮೆ ಸಂಬಳಕ್ಕೆ ಸಿಗುತ್ತಿದ್ದರು. ಅಮೆರಿಕದಲ್ಲಿ 1880ರಲ್ಲಿ ಟೈಪಿಸ್ಟ್ ಮತ್ತು ಶೀಘ್ರಲಿಪಿಗಾರರಲ್ಲಿ ಹೆಂಗಸರು ಸುಮಾರು 40 ಶೇಕಡ. 1930ರ ವೇಳೆಗೆ 95 ಶೇಕಡ. ಅಷ್ಟರಲ್ಲಿ ಯಜಮಾನನ ಕುರ್ಚಿಗೆ ಹತ್ತುವ ಆ ಮೆಟ್ಟಿಲು ಮಾಯವಾಗಿತ್ತು. ಹೆಣ್ಣಿನ ಬೆರಳು ನಾಜೂಕು, ಪಿಯಾನೋ ನುಡಿಸಿ ಪಳಗಿದೆ, ಅದಕ್ಕೆ ಟೈಪಿಂಗ್ ಅವಳಿಗೆ ಹೊಂದುತ್ತದೆ ಎನ್ನುವ ವಿವರಣೆಯೂ ತಯಾರಾಯಿತು. ಬೆರಳಿನ ಕಥೆ ಹೇಳಿದವರು ಸಂಬಳದ ಕಥೆ ಹೇಳಲಿಲ್ಲ.

ಕಂಪ್ಯೂಟರ್ ಎರಡೂ ದಿಕ್ಕು ಕಂಡಿದೆ. ಆ ಪದ ಮೊದಲು ಯಂತ್ರದ ಹೆಸರಲ್ಲ, ಲೆಕ್ಕ ಹಾಕುವ ಮನುಷ್ಯರ ಹುದ್ದೆ. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಎಡ್ವರ್ಡ್ ಪಿಕರಿಂಗ್ 1880ರ ದಶಕದಿಂದ ಈ ಕೆಲಸಕ್ಕೆ ಹೆಂಗಸರನ್ನೇ ತೆಗೆದುಕೊಂಡ. ಗಂಟೆಗೆ 25ರಿಂದ 50 ಸೆಂಟ್ ಕೂಲಿ. ಅವರಲ್ಲಿ ಒಬ್ಬಳಾದ ಹೆನ್ರಿಯೆಟಾ ಲೆವಿಟ್ 1912ರಲ್ಲಿ, ಮಿನುಗುವ ಒಂದು ಬಗೆಯ ನಕ್ಷತ್ರಗಳ ಹೊಳಪಿಗೂ ಮಿನುಗಿನ ಅವಧಿಗೂ ಇರುವ ನಂಟನ್ನು ತೋರಿಸಿದಳು. ದೂರದ ಗೆಲಾಕ್ಸಿಗಳನ್ನು ಅಳೆಯುವ ಗಜಕಡ್ಡಿ ಅದೇ.

ಆಮೇಲೆ ಯಂತ್ರ ಬಂತು. 1946ರ ಫೆಬ್ರವರಿಯಲ್ಲಿ ಎನಿಯಾಕ್ ಕಂಪ್ಯೂಟರನ್ನು ಜಗತ್ತಿಗೆ ತೋರಿಸಿದಾಗ ಅದರ ಪ್ರೋಗ್ರಾಂ ಮಾಡಿದ್ದು ಆರು ಮಂದಿ ಹೆಂಗಸರು. ಯಂತ್ರ ಕಟ್ಟುವುದು ದೊಡ್ಡ ಕೆಲಸ, ಅದಕ್ಕೆ ಏನು ಮಾಡಬೇಕು ಅಂತ ಹೇಳಿಕೊಡುವುದು ಗುಮಾಸ್ತಿಕೆ ಅನ್ನುವ ಎಣಿಕೆ ಆಗ. ಆ ದಿನದ ಔತಣಕ್ಕೆ ಅವರನ್ನು ಕರೆಯಲೂ ಇಲ್ಲ. ನಿಜವಾಗಿ ಕಷ್ಟ ಇರುವುದು ಪ್ರೋಗ್ರಾಂ ಬರೆಯುವುದರಲ್ಲಿ ಅಂತ ಗೊತ್ತಾಗಲು ಹತ್ತಿಪ್ಪತ್ತು ವರ್ಷ ಬೇಕಾಯಿತು. ಗೊತ್ತಾದ ಮೇಲೆ ಸಂಬಳ ಏರಿತು, ಗಂಡಸರು ಬಂದರು. 1960ರ ದಶಕದಲ್ಲಿ ಕಂಪನಿಗಳು ಕೆಲಸಕ್ಕೆ ಆರಿಸಲು ವ್ಯಕ್ತಿತ್ವ ಪರೀಕ್ಷೆಗಳನ್ನು ಬಳಸಿದವು. ಒಳ್ಳೆಯ ಪ್ರೋಗ್ರಾಮರ್‌ಗೆ ಒಗಟು ಇಷ್ಟ, ಜನರ ಸಹವಾಸ ಇಷ್ಟ ಇಲ್ಲ ಅನ್ನುವ ಅಚ್ಚು ಅಲ್ಲಿ ಗಟ್ಟಿಯಾಯಿತು. 1980ರ ದಶಕದಲ್ಲಿ ಮನೆಗೆ ಬಂದ ಪುಟ್ಟ ಕಂಪ್ಯೂಟರುಗಳ ಜಾಹೀರಾತಿನಲ್ಲಿ ಹುಡುಗರೇ ತುಂಬಿದ್ದರು. ಅಮೆರಿಕದಲ್ಲಿ ಕಂಪ್ಯೂಟರ್ ಪದವಿ ಪಡೆದವರಲ್ಲಿ ಹೆಂಗಸರು 1984ರ ಸುಮಾರಿಗೆ 37 ಶೇಕಡ ಇದ್ದವರು 2010ರ ಹೊತ್ತಿಗೆ 18ಕ್ಕೆ ಇಳಿದರು. ಹೆಣ್ಣಿನ ಮೆದುಳಿಗೆ ಇದು ಒಗ್ಗುವುದಿಲ್ಲ ಅಂತ ಈಗಲೂ ಹೇಳುವವರಿದ್ದಾರೆ. ಮೆದುಳು 1984ರಿಂದ ಈಚೆಗೆ ಬದಲಾಯಿತೇನು?

ಕೊನೆಗೆ ಒಂದು ಸಿಗರೇಟಿನ ಕಥೆ. 1929ರವರೆಗೂ ಅಮೆರಿಕದಲ್ಲಿ ಹೆಂಗಸು ಬೀದಿಯಲ್ಲಿ ಸಿಗರೇಟು ಸೇದಿದರೆ ಅಪಮಾನ. ಆ ವರ್ಷದ ಈಸ್ಟರ್ ಮೆರವಣಿಗೆಯಲ್ಲಿ, ನ್ಯೂಯಾರ್ಕಿನಲ್ಲಿ, ಪ್ರಚಾರ ತಜ್ಞ ಎಡ್ವರ್ಡ್ ಬರ್ನೇಸ್ ಹೆಂಗಸರ ಕೈಗೆ ಸಿಗರೇಟು ಕೊಟ್ಟು ನಡೆಸಿದ. ಅದಕ್ಕೆ ‘ಸ್ವಾತಂತ್ರ್ಯದ ಪಂಜು’ ಎಂದು ಹೆಸರು. ಹಿಂದೆ ನಿಂತು ದುಡ್ಡು ಕೊಟ್ಟದ್ದು ತಂಬಾಕು ಕಂಪನಿ. ಅದಕ್ಕೂ ಮುಂಚೆ, 1924ರಲ್ಲೇ, ಮತ್ತೊಂದು ಕಂಪನಿ ಮಾಲ್ಬರೋ ಎಂಬ ಸಿಗರೇಟನ್ನು ಹೆಂಗಸರಿಗೆ ಅಂತಲೇ ಮಾರತೊಡಗಿತ್ತು. ‘ಮೇ ತಿಂಗಳಷ್ಟು ಹಿತ’ ಅನ್ನುವ ಜಾಹೀರಾತು. ಲಿಪ್‌ಸ್ಟಿಕ್ ಗುರುತು ಕಾಣದಿರಲಿ ಅಂತ ಆಮೇಲೆ ತುದಿಗೆ ಕೆಂಪು ಬಣ್ಣವನ್ನೂ ಹಾಕಿದರು.

1950ರ ದಶಕದಲ್ಲಿ ಸಿಗರೇಟಿಗೂ ಕ್ಯಾನ್ಸರಿಗೂ ನಂಟಿದೆ ಅಂತ ವರದಿಗಳು ಬಂದವು. ಗಂಡಸರಿಗೆ ಭಯ ಹತ್ತಿತು. ಫಿಲ್ಟರ್ ಸಿಗರೇಟು ಸೇದೋಣ ಅಂದರೆ ಅದು ಹೆಂಗಸರದು ಅನ್ನುವ ಮುಜುಗರ. ಈ ಮುಜುಗರ ಬಿಡಿಸುವ ಕೆಲಸ ಲಿಯೋ ಬರ್ನೆಟ್ ಎಂಬ ಜಾಹೀರಾತುಗಾರನ ಪಾಲಿಗೆ ಬಂತು. ಅವನು ಅದೇ ಮಾಲ್ಬರೋವನ್ನು ಒಬ್ಬ ಕೌಬಾಯ್‌ನ ತುಟಿಗೆ ಇಟ್ಟ. ಬಿಸಿಲಿಗೆ ಕಂದಿದ ಮುಖ, ಅಗಲ ಟೋಪಿ, ಮಾತಿಲ್ಲ. ಜಗತ್ತಿನಲ್ಲಿ ಇದಕ್ಕಿಂತ ಗಂಡಸು ಸಿಗರೇಟು ಇಲ್ಲ ಅನ್ನಿಸಿಬಿಟ್ಟಿತು. ಹೆಸರು ಮಾತ್ರ ಅದೇ.

ಆ ಕೌಬಾಯ್‌ನ ಬೂಟು ಗಮನಿಸಿದ್ದೀರಾ? ಕೌಬಾಯ್ ಬೂಟಿಗೆ ಹಿಂದೆ ಒಳ್ಳೆ ಎತ್ತರದ, ಒಳಕ್ಕೆ ಓರೆಯಾದ ಹೀಲ್ ಇರುತ್ತದೆ. ಯಾರೂ ಅವನನ್ನು ಶೋಕಿಲಾಲ ಅನ್ನುವುದಿಲ್ಲ. ಇಡೀ ದಿನ ಕುದುರೆಯ ಮೇಲೆ ಕೂರುವವನು. ಕಾಲು ರಿಕಾಪಿನಿಂದ ಜಾರಬಾರದು.